ನೈಲಾನ್ ಜೊತೆ ಪಿಪಿ: ಕಾರ್ಖಾನೆಗೆ ಒಗ್ಗುವ ಬ್ಲೆಂಡ್ ತಯಾರಿಸುವ ಸಮಗ್ರ ಮಾರ್ಗದರ್ಶಿ

ನೈಲಾನ್ 6 ಮತ್ತು ಪಾಲಿಪ್ರೊಪಿಲೀನ್, ಅಂದರೆ ನಾವೆಲ್ಲ ಪಿಪಿ ಅನ್ನುವ ಮಾಲು, ಇವೆರಡನ್ನೂ ಒಂದೇ ಹಾಪರ್‌ಗೆ ಸುರಿದು ಎಕ್ಸ್‌ಟ್ರೂಡರ್‌ನಲ್ಲಿ, ಅಂದರೆ ಸ್ಕ್ರೂ ತಿರುಗಿಸಿ ಮಾಲು ಕರಗಿಸಿ ತಳ್ಳುವ ಮೆಷಿನ್‌ನಲ್ಲಿ, ಓಡಿಸಿ ನೋಡಿ. ಹೊಳಪಿನ ಬಿಳಿ ಎಳೆ ಹೊರಗೆ ಬರುತ್ತದೆ. ನೋಡಲು ಚೆನ್ನಾಗಿಯೇ ಇರುತ್ತದೆ. ತಣ್ಣಗಾದ ಮೇಲೆ ಬಗ್ಗಿಸಿದರೆ ಪಟ್ ಅಂತ ಮುರಿಯುತ್ತದೆ. ಮುರಿದ ಜಾಗವನ್ನು ಉಗುರಿನಿಂದ ಕೆರೆದರೆ ಪದರ ಪದರವಾಗಿ ಏಳುತ್ತದೆ. ಎರಡೂ ಒಳ್ಳೆಯ ಪ್ಲಾಸ್ಟಿಕ್ಕೇ, ಆದರೆ ಸೇರಿಸಿದಾಗ ಸಿಕ್ಕಿದ್ದು ಎರಡಕ್ಕಿಂತಲೂ ಕೆಟ್ಟದ್ದು.

ಇದೇ ಎರಡು ವಸ್ತುಗಳಿಂದ ಗಟ್ಟಿಯಾದ, ಅಳತೆ ತಪ್ಪದ, ನೈಲಾನ್‌ಗಿಂತ ಹಗುರವಾದ ಬ್ಲೆಂಡ್ (ಮಿಶ್ರ ಪ್ಲಾಸ್ಟಿಕ್) ಕೂಡ ಬರುತ್ತದೆ. ವ್ಯತ್ಯಾಸ ಇರುವುದು ಕಣ್ಣಿಗೆ ಕಾಣದ ಹನಿಗಳಲ್ಲಿ: ನೈಲಾನ್ ಒಳಗೆ ಪಿಪಿ ಎಷ್ಟು ಸಣ್ಣ ಹನಿಯಾಗಿ ಕೂತಿದೆ, ಆ ಹನಿಯ ಮೇಲ್ಮೈ ನೈಲಾನನ್ನು ಎಷ್ಟು ಬಿಗಿಯಾಗಿ ಹಿಡಿದಿದೆ, ಮೋಲ್ಡಿಂಗ್ ಮೆಷಿನ್‌ನಲ್ಲಿ ಮತ್ತೆ ಕರಗಿದಾಗ ಅದು ಹಾಗೇ ಉಳಿಯುತ್ತದೆಯೇ. ಈ ಬರಹದ ಪ್ರತಿಯೊಂದು ಹಂತವೂ ಈ ಮೂರು ಪ್ರಶ್ನೆಗಳ ಸುತ್ತಲೇ ಇದೆ. ಪಿಸಿ-ಎಬಿಎಸ್ ಅಥವಾ ಬೇರೆ ಜೋಡಿ ಮಾಡುವವರಿಗೂ ದಾರಿ ಇದೇ. ಅಂಕಿಗಳು ಮಾತ್ರ ಬದಲಾಗುತ್ತವೆ.

ಹಂತ 1: ಮೊದಲು ಪಾರ್ಟ್, ಆಮೇಲೆ ಪ್ಲಾಸ್ಟಿಕ್

‘ಒಂದು ಒಳ್ಳೆ ಬ್ಲೆಂಡ್ ಮಾಡೋಣ’ ಅಂತ ಹೊರಟರೆ ಎಲ್ಲೂ ಮುಟ್ಟುವುದಿಲ್ಲ. ಒಂದು ಪಾರ್ಟ್ ಇಟ್ಟುಕೊಂಡು ಶುರು ಮಾಡಿ. ಇಲ್ಲಿ ಉದಾಹರಣೆಗೆ ತೋಟಕ್ಕೆ ಔಷಧಿ ಹೊಡೆಯುವ ಪಂಪಿನ ಟ್ರಿಗರ್ ಹಿಡಿಕೆ ತೆಗೆದುಕೊಳ್ಳುತ್ತೇನೆ. ಮಲೆನಾಡಿನ ಅಡಿಕೆ ತೋಟಗಳಲ್ಲಿ ಕೊಳೆರೋಗಕ್ಕೆ ಶೇ. 1ರ ಬೋರ್ಡೋ ದ್ರಾವಣ ಹೊಡೆಯುತ್ತಾರಲ್ಲ, ಅಂಥ ಕೆಲಸಕ್ಕೆ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಈ ಹಿಡಿಕೆ ಕೈಜಾರಿ ಕಲ್ಲಿನ ಮೇಲೆ ಬೀಳುತ್ತದೆ, ದಿನವಿಡೀ ಒದ್ದೆಯಾಗಿರುತ್ತದೆ, ಆಮೇಲೆ ಬಿಸಿಲಲ್ಲಿ ಒಣಗುತ್ತದೆ, ತಾಮ್ರದ ಉಪ್ಪಿನ ಜೊತೆಯೇ ಬಾಳುತ್ತದೆ.

ಬರೀ ನೈಲಾನ್ 6 ಯಾಕೆ ಸಾಲದು? ಅದು ನೀರು ಕುಡಿಯುತ್ತದೆ. ಸಾಮಾನ್ಯ ಗಾಳಿಯಲ್ಲೇ ತೂಕದ ಶೇ. 2.5ರಿಂದ 3ರಷ್ಟು, ನೀರಲ್ಲೇ ಮುಳುಗಿಸಿಟ್ಟರೆ ಶೇ. 9ರ ಆಸುಪಾಸು. ಹಾಗೆ ನೆನೆದಾಗ ಉಬ್ಬುತ್ತದೆ, ವಾಲ್ವ್ ಪಿನ್ ಬಿಗಿಯಾಗುತ್ತದೆ. ಒಣಗಿದಾಗ ಸುಮಾರು 3 ಗಿಗಾಪಾಸ್ಕಲ್ ಇದ್ದ ಬಿಗುವು (ಬಾಗದೆ ನಿಲ್ಲುವ ಗುಣ) ಗಾಳಿಯ ತೇವ ಕುಡಿದ ಮೇಲೆ ಸುಮಾರು 1ಕ್ಕೆ ಇಳಿಯುತ್ತದೆ. ಬರೀ ಪಿಪಿ ಯಾಕೆ ಸಾಲದು? ನೀರು ಮುಟ್ಟುವುದಿಲ್ಲ, ಹಗುರ, ಅಗ್ಗ. ಆದರೆ ಶಾಖ ಮತ್ತು ಸತತ ಒತ್ತಡದಲ್ಲಿ ನಿಧಾನವಾಗಿ ಬಾಗುತ್ತಾ ಹೋಗುತ್ತದೆ, ಸವೆತವೂ ಜಾಸ್ತಿ. ಹಾಗಾಗಿ ನೈಲಾನ್ ಮುಖ್ಯ ವಸ್ತುವಾಗಿ ಇರಲಿ, ಪಿಪಿ ಅದರೊಳಗೆ ಹನಿಯಾಗಿ ಇರಲಿ.

ಈಗ ಒಂದು ಹಾಳೆಯಲ್ಲಿ ಬರೆದಿಡಿ: ನೀರು ಎಷ್ಟರವರೆಗೆ ಹೀರಬಹುದು, ನಾಚ್ ಹಾಕಿದ ಐಜಾಡ್ ಇಂಪ್ಯಾಕ್ಟ್ (ಕಚ್ಚು ಹಾಕಿದ ಪಟ್ಟಿಯನ್ನು ಲೋಲಕದಿಂದ ಹೊಡೆದು ಮುರಿಯುವ ಪರೀಕ್ಷೆಯ ಅಂಕಿ) ಕನಿಷ್ಠ ಎಷ್ಟು ಬೇಕು, ಬಿಗುವು ಎಷ್ಟಕ್ಕಿಂತ ಕೆಳಗೆ ಇಳಿಯಬಾರದು, ಕಿಲೋಗೆ ಎಷ್ಟು ಬೆಲೆ ತಾಳುತ್ತದೆ. ನಾಲ್ಕೈದು ಸಾಲು ಸಾಕು. ಆದರೆ ಪ್ರತಿ ಅಂಕಿಯ ಪಕ್ಕದಲ್ಲಿ ‘ಒಣ ಸ್ಥಿತಿ’ ಅಥವಾ ‘ತೇವ ಸ್ಥಿತಿ’ ಅಂತ ಬರೆಯಲೇಬೇಕು. ಅದಿಲ್ಲದ ನೈಲಾನ್ ಡೇಟಾ ಶೀಟಿಗೆ ಅರ್ಥವೇ ಇಲ್ಲ.

ಹಂತ 2: ಇವು ಯಾಕೆ ಬೆರೆಯುವುದಿಲ್ಲ ಅನ್ನುವುದನ್ನು ತಿಳಿದುಕೊಳ್ಳಿ

ಸಕ್ಕರೆಯಂಥ ಸಣ್ಣ ಅಣುಗಳು ನೀರಲ್ಲಿ ಕರಗುವಾಗ ಅಡ್ಡಾದಿಡ್ಡಿಯಾಗಿ ಚದುರುವ ಅವಕಾಶ ಹೆಚ್ಚುತ್ತದೆ. ಬೆರೆಯಲು ಅದೇ ದೊಡ್ಡ ಕಾರಣ. ಪಾಲಿಮರ್ ಸರಪಳಿಗಳಲ್ಲಿ ಸಾವಿರಾರು ಕೊಂಡಿ ಒಟ್ಟಿಗೇ ಕಟ್ಟಿಕೊಂಡಿರುವುದರಿಂದ ಈ ಲಾಭ ತೀರಾ ಕಡಿಮೆ. ಎರಡು ವಸ್ತುಗಳಿಗೆ ಒಂದಕ್ಕೊಂದು ಚೂರು ಇಷ್ಟವಿಲ್ಲದಿದ್ದರೂ ಬೇರೆಯಾಗಿಯೇ ಉಳಿಯುತ್ತವೆ. ನೈಲಾನ್ ಸರಪಳಿಗಳು ಹೈಡ್ರೋಜನ್ ಬಂಧದಿಂದ ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಪಿಪಿಗೆ ಹಿಡಿಯಲು ಕೈಯೇ ಇಲ್ಲ, ಬರೀ ಇಂಗಾಲ ಮತ್ತು ಜಲಜನಕ.

ನಿಜವಾಗಿ ಬೆರೆಯುವ ಜೋಡಿಗಳೂ ಇವೆ. ಪಿಪಿಒ (ಪಾಲಿಫಿನೈಲೀನ್ ಆಕ್ಸೈಡ್) ಮತ್ತು ಪಾಲಿಸ್ಟೈರೀನ್ ಯಾವ ಪ್ರಮಾಣದಲ್ಲಾದರೂ ಬೆರೆಯುತ್ತವೆ. 1960ರ ದಶಕದಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿ ಇದೇ ಜೋಡಿಯನ್ನು ನೋರಿಲ್ ಹೆಸರಲ್ಲಿ ಮಾರುಕಟ್ಟೆಗೆ ತಂದಿತು. ಆದರೆ ಇಂಥವು ಬೆರಳೆಣಿಕೆಯಷ್ಟು. ಕಾರ್ಖಾನೆಗಳಲ್ಲಿ ಓಡುವ ಬ್ಲೆಂಡ್‌ಗಳಲ್ಲಿ ಹೆಚ್ಚಿನವು ಬೆರೆಯದ ಜೋಡಿಗಳೇ. ಬೆರೆಯದೆ ಇರುವುದು ದೋಷವೂ ಅಲ್ಲ. ಒಂದರೊಳಗೆ ಒಂದು ಹನಿಯಾಗಿ ಇದ್ದಾಗಲೇ ಎರಡರ ಗುಣವೂ ಉಳಿಯುತ್ತದೆ. 1970ರ ದಶಕದಲ್ಲಿ ಡ್ಯುಪಾಂಟ್ ತಂದ ಸೂಪರ್ ಟಫ್ ನೈಲಾನ್‌ನಲ್ಲಿ ರಬ್ಬರ್ ಕೂಡ ಹನಿಯಾಗಿಯೇ ಇದೆ, ಕರಗಿಲ್ಲ.

ಹನಿಯ ಗಾತ್ರ ಯಾವುದರಿಂದ ನಿರ್ಧಾರ ಆಗುತ್ತದೆ? ಸ್ಕ್ರೂ ಎಳೆಯುವ ಬಲ ಹನಿಯನ್ನು ಒಡೆಯುತ್ತದೆ, ಮೇಲ್ಮೈ ಎಳೆತ ಅದನ್ನು ಉಂಡೆಯಾಗಿಯೇ ಇಡಲು ನೋಡುತ್ತದೆ. ಈ ಹಗ್ಗಜಗ್ಗಾಟದ ಲೆಕ್ಕವನ್ನು ಬ್ರಿಟನ್ನಿನ ಜಿ. ಐ. ಟೇಲರ್ 1934ರಲ್ಲೇ ಹಾಕಿದ್ದರು. ಜೊತೆಗೆ ಒಡೆದ ಹನಿಗಳು ಡಿಕ್ಕಿ ಹೊಡೆದು ಮತ್ತೆ ಸೇರುತ್ತವೆ, ಮೊಸರು ಕಡೆದಾಗ ಬೆಣ್ಣೆ ಒಗ್ಗೂಡಿ ಮೇಲೆ ಬರುವ ಹಾಗೆ. ಅಂದರೆ ಸುಮ್ನೆ ಆರ್‌ಪಿಎಂ ಏರಿಸಿ ಹನಿ ಸಣ್ಣದು ಮಾಡಲು ಆಗುವುದಿಲ್ಲ. ಒಡೆಯುವುದು ಒಂದು ಕೆಲಸ. ಒಡೆದದ್ದು ಮತ್ತೆ ಸೇರದಂತೆ ತಡೆಯುವುದು ಇನ್ನೊಂದು ಕೆಲಸ.

ಹಂತ 3: ಗ್ರೇಡ್ ಆರಿಸುವಾಗ ದಪ್ಪ-ತೆಳು ಹೊಂದಿಸಿ

ಕರಗಿದ ಹನಿ, ಸುತ್ತಲಿನ ದ್ರವಕ್ಕಿಂತ ಸುಮಾರು ನಾಲ್ಕು ಪಟ್ಟು ದಪ್ಪವಾಗಿದ್ದರೆ ಬರೀ ಷಿಯರ್‌ನಲ್ಲಿ (ಪದರದ ಮೇಲೆ ಪದರ ಜಾರುವ ಹರಿವಿನಲ್ಲಿ) ಅದು ಒಡೆಯುವುದೇ ಇಲ್ಲ, ಸುತ್ತುತ್ತಾ ಇರುತ್ತದೆ. ಎರಡರ ಸ್ನಿಗ್ಧತೆಯೂ ಹತ್ತಿರ ಹತ್ತಿರ ಇದ್ದಾಗ ಒಡೆಯುವುದು ಸುಲಭ. ಹಾಗಾಗಿ ಪಿಪಿ ಮತ್ತು ನೈಲಾನ್ ಎರಡನ್ನೂ ಒಂದೇ ತಾಪದಲ್ಲಿ, 240 ಡಿಗ್ರಿಯಲ್ಲಿ, ಕ್ಯಾಪಿಲರಿ ರಿಯೋಮೀಟರ್‌ನಲ್ಲಿ (ಕರಗಿದ ಮಾಲಿನ ಸ್ನಿಗ್ಧತೆ ಅಳೆಯುವ ಯಂತ್ರ) ಅಳೆಸಿ. ಷಿಯರ್ ದರ ಸೆಕೆಂಡಿಗೆ 100ರಿಂದ 1000ದ ನಡುವೆ ಇರಲಿ, ಟ್ವಿನ್ ಸ್ಕ್ರೂ (ಎರಡು ಸ್ಕ್ರೂಗಳ ಎಕ್ಸ್‌ಟ್ರೂಡರ್) ಒಳಗೆ ಸುಮಾರಾಗಿ ಇದೇ ವ್ಯಾಪ್ತಿ. ರಿಯೋಮೀಟರ್ ಇಲ್ಲದವರು ಹೊರಗಿನ ಟೆಸ್ಟಿಂಗ್ ಲ್ಯಾಬ್‌ಗೆ ಕೊಡಬಹುದು. ನಮ್ಮಲ್ಲಿ ಮೈಸೂರಿನ ಸಿಪೆಟ್ ಪ್ಲಾಸ್ಟಿಕ್ ಪರೀಕ್ಷೆಗೇ ಇರುವ ಸಂಸ್ಥೆ. ಬೇರೆ ಬೇರೆ ತಾಪದಲ್ಲಿ ಅಳೆದ ಎರಡು ಎಂಎಫ್‌ಐ (ಕರಗಿದ ಮಾಲು ಎಷ್ಟು ಸಲೀಸಾಗಿ ಹರಿಯುತ್ತದೆ ಅನ್ನುವ) ಅಂಕಿ ಹೋಲಿಸಿ ತೀರ್ಮಾನ ಮಾಡುವುದು ಮಾತ್ರ ಬೇಡ.

ಯಾವುದು ಹೊರಗಿನ ವಸ್ತು, ಯಾವುದು ಹನಿ ಅನ್ನುವುದೂ ಇಲ್ಲೇ ತೀರ್ಮಾನ ಆಗುತ್ತದೆ. ತೂಕದಲ್ಲಿ 70 ಭಾಗ ನೈಲಾನ್, 30 ಭಾಗ ಪಿಪಿ ಹಾಕಿದ್ದೀರಿ ಅಂದುಕೊಳ್ಳಿ. ನೈಲಾನ್ ಸಾಂದ್ರತೆ 1.13, ಪಿಪಿಯದು 0.905. ಗಾತ್ರದ ಲೆಕ್ಕ ಹಾಕಿದರೆ ಪಿಪಿ ಶೇ. 30 ಅಲ್ಲ, ಸುಮಾರು 35. ಹೊರಗೆ ಉಳಿಯುವುದು ಜಾಸ್ತಿ ಇರುವ ವಸ್ತು ಅಥವಾ ತೆಳುವಾಗಿರುವ ವಸ್ತು. ಎರಡೂ ವಸ್ತು ಒಂದರೊಳಗೊಂದು ಜಾಲದಂತೆ ಹೆಣೆದುಕೊಳ್ಳುವ ಬಿಂದು ಸುಮಾರಾಗಿ ಗಾತ್ರಗಳ ಅನುಪಾತ ಸ್ನಿಗ್ಧತೆಗಳ ಅನುಪಾತಕ್ಕೆ ಸಮವಾದಾಗ ಬರುತ್ತದೆ. ನಮ್ಮ ಲೆಕ್ಕದಲ್ಲಿ 65ಕ್ಕೆ 35, ಅಂದರೆ 1.86. ನೀವು ಆರಿಸಿದ ನೈಲಾನ್, ಪಿಪಿಗಿಂತ ಎರಡು ಪಟ್ಟು ದಪ್ಪವಾಗಿದ್ದರೆ ನೈಲಾನ್ ಹೊರಗೆ ಉಳಿಯುವ ಭರವಸೆ ಹೋಯಿತು. ನೈಲಾನ್ ಸ್ವಲ್ಪ ತೆಳು, ಪಿಪಿ ಸ್ವಲ್ಪ ದಪ್ಪ ಇರಲಿ. ಆರ್‌ವಿ (ಸಾಪೇಕ್ಷ ಸ್ನಿಗ್ಧತೆ) 2.4-2.7ರ ನೈಲಾನ್ ಮತ್ತು ಕಡಿಮೆ ಎಂಎಫ್‌ಐನ ಹೋಮೊಪಾಲಿಮರ್ (ಬರೀ ಪ್ರೊಪಿಲೀನ್‌ನಿಂದ ಮಾಡಿದ) ಪಿಪಿಯಿಂದ ಶುರು ಮಾಡುವುದು ಒಳ್ಳೆಯದು.

ಮಾಲು ನಮ್ಮ ದೇಶದಲ್ಲೇ ಸಿಗುತ್ತದೆ. ಪಿಪಿಯನ್ನು ಮಂಗಳೂರಿನ ಎಂಆರ್‌ಪಿಎಲ್ ಮ್ಯಾಂಗ್‌ಪೋಲ್ ಹೆಸರಲ್ಲಿ ತಯಾರಿಸುತ್ತದೆ. ನೈಲಾನ್ 6ಕ್ಕೆ ಗುಜರಾತಿನ ಜಿಎಸ್‌ಎಫ್‌ಸಿಯ ಗುಜ್‌ಲಾನ್ ಹಳೆಯ ಹೆಸರು. ಅಭಿವೃದ್ಧಿಯ ಹಂತದಲ್ಲಿ ರೀಪ್ರೊಸೆಸ್ ಮಾಲು ಮುಟ್ಟಬೇಡಿ. ಲಾಟ್‌ನಿಂದ ಲಾಟ್‌ಗೆ ಅದರ ಗುಣ ಬದಲಾಗುತ್ತಿದ್ದರೆ ನಿಮ್ಮ ರೆಸಿಪಿ ಏನು ಮಾಡಿತು ಅಂತ ಗೊತ್ತಾಗುವುದೇ ಇಲ್ಲ.

ಹಂತ 4: ಕಂಪ್ಯಾಟಿಬಿಲೈಸರ್, ಲೆಕ್ಕದ ಸಮೇತ

ಬೆರೆಯದ ಎರಡು ಪ್ಲಾಸ್ಟಿಕ್‌ಗಳನ್ನು ಮೇಲ್ಮೈಯಲ್ಲಿ ಹೊಂದಿಸುವ ವಸ್ತುವೇ ಕಂಪ್ಯಾಟಿಬಿಲೈಸರ್. ಇಡೀ ಕೆಲಸದ ಜೀವ ಇಲ್ಲಿದೆ, ನಿಧಾನವಾಗಿ ನೋಡೋಣ.

ಪಿಪಿ ಸರಪಳಿಗೆ ಅಲ್ಲಲ್ಲಿ ಮಲೇಯಿಕ್ ಅನ್‌ಹೈಡ್ರೈಡ್ ಅಂಟಿಸಿದ ಗ್ರೇಡ್‌ಗಳು ಮಾರುಕಟ್ಟೆಯಲ್ಲಿ ಸಿಗುತ್ತವೆ. ಅಂಗಡಿಯಲ್ಲಿ ಸುಲಭಕ್ಕೆ ‘ಗ್ರಾಫ್ಟೆಡ್ ಪಿಪಿ’ ಅನ್ನಿ, ಅರ್ಥ ಆಗುತ್ತದೆ. ನೈಲಾನ್ ಸರಪಳಿಯ ತುದಿಯಲ್ಲಿ ಅಮೀನ್ ಗುಂಪು ಇರುತ್ತದೆ. ಕರಗಿದ ಸ್ಥಿತಿಯಲ್ಲಿ ಇವೆರಡೂ ಮುಟ್ಟಿದ ಕ್ಷಣವೇ ಕೂಡಿಕೊಂಡು ಇಮೈಡ್ ಬಂಧ ಆಗುತ್ತದೆ. ಹಾಗೆ ಹುಟ್ಟಿದ ಹೊಸ ಸರಪಳಿಯ ಅರ್ಧ ಪಿಪಿ, ಅರ್ಧ ನೈಲಾನ್. ಅದು ಹನಿಯ ಮೇಲ್ಮೈಯಲ್ಲೇ ಕೂರುತ್ತದೆ, ಯಾಕೆಂದರೆ ಹುಟ್ಟಿದ್ದೇ ಅಲ್ಲಿ. ಇದರಿಂದ ಮೇಲ್ಮೈ ಎಳೆತ ಇಳಿಯುತ್ತದೆ, ಹನಿ ಸಣ್ಣದಾಗುತ್ತದೆ. ಡಿಕ್ಕಿ ಹೊಡೆದ ಹನಿಗಳು ಒಂದಾಗುವುದಿಲ್ಲ. ಗಟ್ಟಿಯಾದ ಮೇಲೆ ಎರಡು ವಸ್ತುಗಳ ನಡುವೆ ಬಲ ದಾಟಲು ಸೇತುವೆ ಸಿಗುತ್ತದೆ. ಕಂಪ್ಯಾಟಿಬಿಲೈಸರ್ ಇಲ್ಲದೆ ಹಲವು ಮೈಕ್ರಾನ್ ಇರುವ ಹನಿ, ಸರಿಯಾಗಿ ಹಾಕಿದಾಗ ಒಂದು ಮೈಕ್ರಾನ್‌ಗಿಂತ ಕೆಳಗೆ ಬರುತ್ತದೆ.

ಎಷ್ಟು ಹಾಕಬೇಕು? ಶೇ. 1ರಷ್ಟು ಅನ್‌ಹೈಡ್ರೈಡ್ ಇರುವ ಗ್ರಾಫ್ಟೆಡ್ ಪಿಪಿ ಅಂದರೆ ಕಿಲೋಗೆ 10 ಗ್ರಾಂ. ಅಣುತೂಕ 98, ಹಾಗಾಗಿ ಕಿಲೋಗೆ ಸುಮಾರು 102 ಮಿಲಿಮೋಲ್. 100 ಗ್ರಾಂ ಬ್ಲೆಂಡ್‌ನಲ್ಲಿ 5 ಗ್ರಾಂ ಹಾಕಿದರೆ 0.51 ಮಿಲಿಮೋಲ್. ಇನ್ನು ನೈಲಾನ್ ಕಡೆ, ಅಮೀನ್ ತುದಿ ಕಿಲೋಗೆ 45 ಮಿಲಿಮೋಲ್ ಅಂತ ಇಟ್ಟುಕೊಂಡರೆ 70 ಗ್ರಾಂಗೆ 3.15. ಅಂದರೆ ಅಮೀನ್ ಆರು ಪಟ್ಟು ಜಾಸ್ತಿಯೇ ಇದೆ, ಕೊರತೆ ಬರುವುದಿಲ್ಲ. ಕೊರತೆ ಬರುವುದು ಹನಿಯ ಮೇಲ್ಮೈಯನ್ನು ಪೂರ್ತಿ ಮುಚ್ಚುವಷ್ಟು ಗ್ರಾಫ್ಟೆಡ್ ಪಿಪಿ ಇಲ್ಲದಾಗ. ಇನ್ನೊಂದು ಕಡೆ, ತೀರಾ ಜಾಸ್ತಿ ಹಾಕಿದರೆ ಬ್ಲೆಂಡ್ ದಪ್ಪವಾಗಿ ಎಂಎಫ್‌ಐ ಕುಸಿಯುತ್ತದೆ, ತೆಳು ಗೋಡೆಯ ಪಾರ್ಟ್ ಶಾರ್ಟ್ ಆಗುತ್ತದೆ, ಅಂದರೆ ಮೋಲ್ಡ್ ಪೂರ್ತಿ ತುಂಬುವುದಿಲ್ಲ. ಗ್ರಾಫ್ಟ್ ಮಾಡುವಾಗ ಪೆರಾಕ್ಸೈಡ್ ಪಿಪಿ ಸರಪಳಿಯನ್ನೇ ಕತ್ತರಿಸುವುದರಿಂದ ಈ ಗ್ರೇಡ್‌ಗಳು ಬಲದಲ್ಲೂ ಕಮ್ಮಿ. ಹಾಗಾಗಿ ‘ಇರಲಿ, ಇನ್ನೊಂಚೂರು’ ಅಂತ ಹಾಕುವುದು ಇಲ್ಲಿ ನಡೆಯುವುದಿಲ್ಲ.

ಗ್ರಾಫ್ಟೆಡ್ ಪಿಪಿ ಕೊಳ್ಳುವಾಗ ಎರಡು ಅಂಕಿ ಕೇಳಿ: ಅನ್‌ಹೈಡ್ರೈಡ್ ಶೇಕಡಾ ಮತ್ತು ಎಂಎಫ್‌ಐ. ಚೀಲ ಬಿಚ್ಚಿದಾಗ ಕಣ್ಣು ಉರಿಸುವ ಘಾಟು ಹೊಡೆದರೆ ಅಂಟದೆ ಉಳಿದ ಮಲೇಯಿಕ್ ಅನ್‌ಹೈಡ್ರೈಡ್ ಇದೆ ಅಂತ ಅರ್ಥ. ಅದು ಪಿಪಿಗೆ ಕೊಂಡಿಯಾಗದೆ ನೈಲಾನ್‌ನ ಅಮೀನ್ ತುದಿಯನ್ನು ಸುಮ್ನೆ ತಿಂದುಹಾಕುತ್ತದೆ. ಅಂಥ ಮಾಲು ವಾಪಸ್ ಕಳಿಸಿ.

ಹಂತ 5: ಮೊದಲ ಸುತ್ತಿನ ರೆಸಿಪಿಗಳು

ಎಲ್ಲವೂ ತೂಕದ ಭಾಗಗಳಲ್ಲಿ:

ಎ: ನೈಲಾನ್ 100
ಬಿ: ನೈಲಾನ್ 70, ಪಿಪಿ 30
ಸಿ: ನೈಲಾನ್ 70, ಪಿಪಿ 27.5, ಗ್ರಾಫ್ಟೆಡ್ ಪಿಪಿ 2.5
ಡಿ: ನೈಲಾನ್ 70, ಪಿಪಿ 25, ಗ್ರಾಫ್ಟೆಡ್ ಪಿಪಿ 5
ಇ: ನೈಲಾನ್ 70, ಪಿಪಿ 20, ಗ್ರಾಫ್ಟೆಡ್ ಪಿಪಿ 10
ಎಫ್: ನೈಲಾನ್ 65, ಪಿಪಿ 20, ಗ್ರಾಫ್ಟೆಡ್ ಪಿಪಿ 5, ಮಲೇಯಿಕ್ ಅಂಟಿಸಿದ ಎಲಾಸ್ಟೊಮರ್ (ರಬ್ಬರಿನಂಥ ವಸ್ತು) 10

ಎ ಮತ್ತು ಬಿ ಮಾರುವುದಕ್ಕಲ್ಲ. ಆದರೂ ಅವನ್ನು ಬಿಡಬೇಡಿ, ಎಕ್ಸ್‌ಟ್ರೂಡರ್‌ನಲ್ಲಿ ಅದೇ ಸೆಟ್ಟಿಂಗ್‌ನಲ್ಲಿ ಓಡಿಸಿ. ಹೋಲಿಸಲು ಅವಿಲ್ಲದಿದ್ದರೆ ಡಿ ಚೆನ್ನಾಗಿ ಬಂತೆಂದು ಹೇಗೆ ಹೇಳುತ್ತೀರಿ? ಎಫ್ ಇರುವುದು ಕಲ್ಲಿನ ಮೇಲೆ ಬೀಳುವ ಪಾರ್ಟಿಗಾಗಿ. ನೈಲಾನ್ 66ರಲ್ಲಿ ರಬ್ಬರ್ ಹನಿಗಳ ನಡುವಿನ ಗೋಡೆ ಸುಮಾರು 0.3 ಮೈಕ್ರಾನ್‌ಗಿಂತ ತೆಳುವಾದಾಗ ಬಿರಿಯುವ ವಸ್ತು ಒಮ್ಮೆಲೇ ಗಟ್ಟಿಮುಟ್ಟಾಗುತ್ತದೆ ಎಂದು ಡ್ಯುಪಾಂಟ್‌ನ ಸೌಹೆಂಗ್ ವೂ 1985ರಲ್ಲಿ ತೋರಿಸಿದ್ದರು. ಅದಕ್ಕೆ ಬೇಕಾದದ್ದು ಸಣ್ಣ ಹನಿ, ಜೊತೆಗೆ ಸಾಕಷ್ಟು ಹನಿ. ಎಲಾಸ್ಟೊಮರ್ ಹಾಕಿದಷ್ಟೂ ಬಿಗುವು ಇಳಿಯುತ್ತದೆ ಅನ್ನುವುದು ನೆನಪಿರಲಿ.

ಇನ್ನು ಸ್ಟೆಬಿಲೈಸರ್. ಇಲ್ಲಿ ಒಂದು ಬಲೆ ಇದೆ. ಬರೀ ನೈಲಾನ್‌ಗೆ ಶಾಖದಿಂದ ರಕ್ಷಣೆ ಬೇಕಾದಾಗ ತಾಮ್ರದ ಅಯೋಡೈಡ್ ಹಾಕುವುದು ಹಳೆಯ, ಒಳ್ಳೆಯ ಪದ್ಧತಿ. ಆದರೆ ಪಿಪಿಗೆ ತಾಮ್ರ ಶತ್ರು, ಅದು ಪಿಪಿಯ ಆಕ್ಸಿಡೇಷನ್ನಿಗೆ ವೇಗ ಕೊಡುತ್ತದೆ. ಹಾಗಾಗಿ ಈ ಬ್ಲೆಂಡ್‌ಗೆ ತಾಮ್ರದ ಪ್ಯಾಕೇಜ್ ಬೇಡ. ನೈಲಾನ್‌ಗೆ ಒಗ್ಗುವ 1098 ಮಾದರಿಯ ಫೀನಾಲಿಕ್ ಮತ್ತು 168 ಮಾದರಿಯ ಫಾಸ್ಫೈಟ್ (ಎರಡೂ ಆಕ್ಸಿಡೇಷನ್ ತಡೆಯುವ ವಸ್ತುಗಳು), ತಲಾ ಶೇ. 0.2-0.3ರಿಂದ ಶುರು ಮಾಡಿ. ನಮ್ಮ ಹಿಡಿಕೆಗಂತೂ ಹೊರಗಿನಿಂದಲೇ ಬೋರ್ಡೋ ತಾಮ್ರ ಬಂದು ಕೂರುತ್ತದೆ. ಅದಕ್ಕೆ ಮೆಟಲ್ ಡಿಆಕ್ಟಿವೇಟರ್ (ಲೋಹದ ಚುರುಕು ತಗ್ಗಿಸುವ ವಸ್ತು) ಕೂಡ ಒಂದು ರೆಸಿಪಿಯಲ್ಲಿ ಸೇರಿಸಿ ನೋಡಬೇಕು. ಬಿಸಿಲಿಗೆ ಸುಮಾರು ಶೇ. 2 ಕಾರ್ಬನ್ ಬ್ಲ್ಯಾಕ್. ಮಾಸ್ಟರ್‌ಬ್ಯಾಚ್ (ಬಣ್ಣ ದಟ್ಟವಾಗಿ ಬೆರೆಸಿದ ಕಾಳು) ತರುವಾಗ ಅದರ ಕ್ಯಾರಿಯರ್, ಅಂದರೆ ಬಣ್ಣ ಹೊತ್ತ ಪ್ಲಾಸ್ಟಿಕ್, ಏನು ಅಂತ ಕೇಳಿ. ಪಾಲಿಥೀನ್ ಕ್ಯಾರಿಯರ್ ಆದರೆ ಕರೆಯದೆ ಬಂದ ಇನ್ನೊಂದು ಪ್ಲಾಸ್ಟಿಕ್ ಬ್ಲೆಂಡ್ ಒಳಗೆ ಕೂರುತ್ತದೆ. ನೈಲಾನ್ ಅಥವಾ ಪಿಪಿ ಕ್ಯಾರಿಯರ್ ಕೇಳಿ ತರಿಸಿ.

ಹಂತ 6: ಒಣಗಿಸಿ

ಡಿಹ್ಯುಮಿಡಿಫೈಯರ್ ಡ್ರೈಯರ್‌ನಲ್ಲಿ ನೈಲಾನನ್ನು 80 ಡಿಗ್ರಿಯಲ್ಲಿ ನಾಲ್ಕರಿಂದ ಆರು ಗಂಟೆ ಇಡಿ. ಗಾಳಿಯ ಡ್ಯೂ ಪಾಯಿಂಟ್ (ತೇವ ಹನಿಗಟ್ಟುವ ತಾಪ) ಮೈನಸ್ 30 ಅಥವಾ ಅದಕ್ಕೂ ಕೆಳಗೆ ಇರಲಿ. ತೇವಾಂಶ ಶೇ. 0.1ಕ್ಕಿಂತ ಕಡಿಮೆ ಬರಬೇಕು. ಮಳೆಗಾಲದಲ್ಲಿ ಬರೀ ಬಿಸಿಗಾಳಿಯ ಹಾಪರ್ ಡ್ರೈಯರ್ ಒದ್ದೆ ಗಾಳಿಯನ್ನೇ ಬಿಸಿ ಮಾಡಿ ಒಳಗೆ ಕಳಿಸುತ್ತದೆ, ಅದನ್ನು ನಂಬಬೇಡಿ. ಹಾಗಂತ 100 ಡಿಗ್ರಿಗೆ ಏರಿಸಿದರೆ ನೈಲಾನ್ ಹಳದಿಯಾಗುತ್ತದೆ. ಗ್ರಾಫ್ಟೆಡ್ ಪಿಪಿಯನ್ನೂ ಒಣಗಿಸಿ. ನೀರು ತಾಗಿದರೆ ಅನ್‌ಹೈಡ್ರೈಡ್ ಬಿಚ್ಚಿಕೊಂಡು ಆಸಿಡ್ ಆಗುತ್ತದೆ, ಅಮೀನ್ ಜೊತೆ ಕೂಡುವ ಚುರುಕು ಕಮ್ಮಿಯಾಗುತ್ತದೆ.

ಹಂತ 7: ಟ್ವಿನ್ ಸ್ಕ್ರೂನಲ್ಲಿ ಓಡಿಸುವುದು

ಒಂದೇ ದಿಕ್ಕಿಗೆ ತಿರುಗುವ ಟ್ವಿನ್ ಸ್ಕ್ರೂ, ಉದ್ದ ವ್ಯಾಸದ 40 ಪಟ್ಟು ಇರುವುದು ಬೇಕು. ಅಭಿವೃದ್ಧಿಗೆ 20-26 ಮಿ.ಮೀ. ಮೆಷಿನ್ ಸಾಕು. ಸಿಂಗಲ್ ಸ್ಕ್ರೂನಲ್ಲಿ ಈ ಕೆಲಸಕ್ಕೆ ಇಳಿಯಬೇಡಿ ಅನ್ನುವುದು ನನ್ನ ಸ್ಪಷ್ಟ ಸಲಹೆ. ಅದು ಕರಗಿಸುತ್ತದೆ, ತಳ್ಳುತ್ತದೆ. ಹನಿ ಒಡೆಯಲು ಬೇಕಾದ ಹಿಗ್ಗಿಸುವ ಹರಿವು ಅದರಲ್ಲಿ ಸಾಲದು.

ಬ್ಯಾರೆಲ್ ಒಳಗೆ ಏನಾಗುತ್ತದೆ ಅಂತ ಒಮ್ಮೆ ಮನಸ್ಸಿನಲ್ಲಿ ಚಿತ್ರಿಸಿಕೊಳ್ಳಿ. ಪಿಪಿ 165 ಡಿಗ್ರಿಗೇ ಕರಗುತ್ತದೆ, ನೈಲಾನ್ 220ಕ್ಕೆ. ಅಂದರೆ ಸ್ವಲ್ಪ ದೂರದವರೆಗೆ ಕರಗಿದ ಪಿಪಿಯಲ್ಲಿ ಗಟ್ಟಿ ನೈಲಾನ್ ಕಾಳುಗಳು ತೇಲುತ್ತಿರುತ್ತವೆ. ಶೇ. 30 ಇರುವ ಪಿಪಿಯೇ ಅಲ್ಲಿ ಹೊರಗಿನ ವಸ್ತು! ಆಮೇಲೆ ನೈಲಾನ್ ಕರಗಿ ಹಾಳೆ, ಎಳೆಗಳಾಗಿ ಹಿಗ್ಗಿ, ಒಂದು ಹಂತದಲ್ಲಿ ಒಳಗಿದ್ದದ್ದು ಹೊರಗಾಗಿ ತಿರುವಿಹೋಗುತ್ತದೆ. ಹನಿ ಸಣ್ಣದಾಗುವ ಕೆಲಸದ ಬಹುಪಾಲು ಈ ಚಿಕ್ಕ ಜಾಗದಲ್ಲೇ ಮುಗಿಯುತ್ತದೆ. ಹಾಗಾಗಿ ಮೊದಲ ನೀಡಿಂಗ್ ಬ್ಲಾಕ್ (ಮಾಲನ್ನು ನಾದುವ ಸ್ಕ್ರೂ ಭಾಗ) ಬಲವಾಗಿರಬೇಕು, ಅದರ ಕೊನೆಗೆ ಹಿಂದಕ್ಕೆ ತಳ್ಳುವ ಒಂದು ತುಂಡು ಇರಬೇಕು. ಅಲ್ಲಿ ನೈಲಾನ್ ಪೂರ್ತಿ ಕರಗದೆ ಮುಂದೆ ಹೋದರೆ ಕೊನೆಯಲ್ಲಿ ಎಷ್ಟು ಮಿಕ್ಸಿಂಗ್ ಇಟ್ಟರೂ ಆ ಕೊರತೆ ಪೂರ್ತಿ ತುಂಬುವುದಿಲ್ಲ.

ಬ್ಯಾರೆಲ್ ತಾಪ ಮೊದಲ ಜೋನ್‌ಗಳಲ್ಲಿ 210-220, ನೀಡಿಂಗ್ ಭಾಗದಲ್ಲಿ 240, ಡೈ (ಮಾಲು ಹೊರಬರುವ ಬಾಯಿ) ಹತ್ತಿರ 235. ಕರಗಿದ ಮಾಲಿನ ನಿಜವಾದ ತಾಪ 260 ದಾಟದಂತೆ ನೋಡಿ. ಪ್ಯಾನೆಲ್ ತೋರಿಸುವುದು ಬ್ಯಾರೆಲ್ ಲೋಹದ ತಾಪ, ಮಾಲಿನದಲ್ಲ. ಡೈಯಿಂದ ಬರುವ ಮಾಲಿಗೆ ಸೂಜಿ ಥರ್ಮೊಕಪಲ್ ಚುಚ್ಚಿ ಅಳೆಯಿರಿ. ಆರ್‌ಪಿಎಂ 250-350ರಿಂದ ಶುರು. ಡೈಗೆ ಮೊದಲು ವ್ಯಾಕ್ಯೂಮ್ ವೆಂಟ್ ಇರಲೇಬೇಕು. ಉಳಿದ ತೇವ, ಇಮೈಡ್ ಆಗುವಾಗ ಹುಟ್ಟುವ ನೀರು, ಅಂಟದ ಮಲೇಯಿಕ್ ಹಬೆ, ಎಲ್ಲ ಅಲ್ಲೇ ಹೋಗಬೇಕು.

ಕಾಳುಗಳನ್ನು ಒಣಗಿದ್ದಾಗಲೇ ಬೆರೆಸಿ ಒಂದೇ ಫೀಡರ್‌ನಿಂದ ಕೊಡುವವರು ಗಮನಿಸಿ: ಭಾರದ ನೈಲಾನ್ ಮತ್ತು ಹಗುರ ಪಿಪಿ, ಹಾಪರ್ ಅದುರುವಾಗ ಬೇರೆಯಾಗುತ್ತವೆ. ಬೆಳಗಿನ ಚೀಲದಲ್ಲಿ 70-30 ಇದ್ದದ್ದು ಮಧ್ಯಾಹ್ನದ ಚೀಲದಲ್ಲಿ ಬೇರೆಯೇ ಆಗಿರಬಹುದು. ಸಾಧ್ಯವಾದರೆ ತೂಗಿ ಕೊಡುವ ಎರಡು ಫೀಡರ್ ಇಡಿ. ಆಗದಿದ್ದರೆ ಸಣ್ಣ ಸಣ್ಣ ಬ್ಯಾಚ್ ಬೆರೆಸಿ, ಹಾಪರ್ ತುಂಬಿಸದೆ ಓಡಿಸಿ.

ಪ್ರತಿ ರೆಸಿಪಿಗೂ ಕಿಲೋಗೆ ಎಷ್ಟು ಶಕ್ತಿ ಹೋಯಿತು ಅಂತ ಬರೆದಿಡಿ. 15 ಕಿಲೋವ್ಯಾಟ್ ಮೋಟಾರ್, ಗರಿಷ್ಠ 600 ಆರ್‌ಪಿಎಂ ಇರುವ ಮೆಷಿನ್. ನೀವು 300ರಲ್ಲಿ, ಶೇ. 60 ಟಾರ್ಕ್‌ನಲ್ಲಿ ಓಡಿಸುತ್ತಿದ್ದೀರಿ. 15 × 0.6 × 0.5 = 4.5 ಕಿಲೋವ್ಯಾಟ್. ಗಂಟೆಗೆ 18 ಕಿಲೋ ಬರುತ್ತಿದ್ದರೆ ಕಿಲೋಗೆ 0.25 ಯೂನಿಟ್. ದೊಡ್ಡ ಮೆಷಿನ್‌ಗೆ ಹೋದಾಗ ಈ ಅಂಕಿ ಬೇಕಾಗುತ್ತದೆ.

ಹಂತ 8: ಗಾಜಿನ ನಳಿಕೆಯಲ್ಲಿ ಉತ್ತರ

ಹನಿ ನೋಡಲು ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಬೇಕು, ನಿಜ. ದ್ರವ ಸಾರಜನಕದಲ್ಲಿ ಅದ್ದಿ ಮುರಿದು, ಮುರಿದ ಮುಖ ನೋಡುವುದು ಪದ್ಧತಿ. ಆದರೆ ಅದಕ್ಕೂ ಮೊದಲು ಮೊಲಾವ್ ಟೆಸ್ಟ್ ಅನ್ನುವ ಪರೀಕ್ಷೆ ಇದೆ. ತುಂಬ ಅಗ್ಗ, ತುಂಬ ಸ್ಪಷ್ಟ. ಯಾಕೋ ನಮ್ಮಲ್ಲಿ ಬಹಳ ಜನ ಇದನ್ನು ಮಾಡುವುದೇ ಇಲ್ಲ.

ಬಿ ಮತ್ತು ಡಿ ರೆಸಿಪಿಯ ಒಂದೆರಡು ಕಾಳುಗಳನ್ನು ಬೇರೆ ಬೇರೆ ಟೆಸ್ಟ್ ಟ್ಯೂಬ್‌ಗೆ ಹಾಕಿ. ಮೇಲೆ ಶೇ. 85-90ರ ಫಾರ್ಮಿಕ್ ಆಸಿಡ್ ಹತ್ತು ಮಿ.ಲೀ. ಹಾಕಿ, ಮುಚ್ಚಿ, ಅಲುಗಾಡಿಸಿ, ಒಂದು ರಾತ್ರಿ ಬಿಡಿ. ಫ್ಯೂಮ್ ಹುಡ್ ಒಳಗೆ, ಕೈಗವಸು, ಕನ್ನಡಕ ಹಾಕಿಕೊಂಡೇ ಮಾಡಬೇಕು. ಈ ಆಸಿಡ್ ಚರ್ಮ ಸುಡುತ್ತದೆ. ಫಾರ್ಮಿಕ್ ಆಸಿಡ್ ನೈಲಾನನ್ನು ಕರಗಿಸುತ್ತದೆ, ಪಿಪಿಯನ್ನು ಮುಟ್ಟುವುದಿಲ್ಲ. ಮರುದಿನ ನೋಡಿದರೆ ಬಿ ಟ್ಯೂಬ್‌ನಲ್ಲಿ ಕೆಳಗೆ ತಿಳಿಯಾದ ದ್ರವ, ಮೇಲೆ ತೇಲುವ ಪಿಪಿ ಚೂರುಗಳು. ಡಿ ಟ್ಯೂಬ್ ಪೂರ್ತಿ ಹಾಲಿನಂತೆ ಬೆಳ್ಳಗೆ, ದಿನಗಟ್ಟಲೆ ಬಿಟ್ಟರೂ ಹಾಗೇ. ಮೇಲ್ಮೈಯಲ್ಲಿ ಕೂತ ಅರ್ಧ-ನೈಲಾನ್ ಸರಪಳಿಗಳು ಪಿಪಿ ಹನಿಗಳನ್ನು ಆಸಿಡ್‌ನಲ್ಲಿ ತೇಲಿಸಿಟ್ಟಿವೆ. ಅಂದರೆ ರಾಸಾಯನಿಕ ಕ್ರಿಯೆ ನಡೆದಿದೆ. ಡಿ ಕೂಡ ತಿಳಿಯಾಗಿ ಬೇರೆಯಾದರೆ ಗ್ರಾಫ್ಟೆಡ್ ಪಿಪಿ ಕೆಲಸ ಮಾಡಿಲ್ಲ, ಹಂತ 4ಕ್ಕೆ ಹಿಂದಿರುಗಿ. ಇನ್ನೊಂದು ಸಾಧ್ಯತೆ: ಕಾಳು ಕರಗದೆ ಸ್ಪಂಜಿನಂತೆ ಆಕಾರ ಉಳಿಸಿಕೊಂಡಿದೆ. ಆಗ ಪಿಪಿ ಜಾಲದಂತೆ ಹೆಣೆದುಕೊಂಡಿದೆ ಅಂತ ಅರ್ಥ, ಹಂತ 3ಕ್ಕೆ ಹೋಗಿ ಗ್ರೇಡ್ ಬದಲಿಸಿ. ಕಾರ್ಬನ್ ಬ್ಲ್ಯಾಕ್ ಹಾಕದ ಮಾದರಿಯಲ್ಲೇ ಇದನ್ನು ಮಾಡಿ, ಇಲ್ಲದಿದ್ದರೆ ಏನೂ ಕಾಣುವುದಿಲ್ಲ.

ಡಿಎಸ್‌ಸಿ (ತಾಪ ಬದಲಿಸುತ್ತಾ ಮಾಲು ಹೀರುವ, ಬಿಡುವ ಶಾಖ ಅಳೆಯುವ ಯಂತ್ರ) ಸೌಲಭ್ಯ ಇದ್ದರೆ ತಣ್ಣಗಾಗುವಾಗಿನ ಗ್ರಾಫ್ ನೋಡಿ. ಸಾಮಾನ್ಯವಾಗಿ 110-120 ಡಿಗ್ರಿಯ ಹತ್ತಿರ ಗಟ್ಟಿಯಾಗುವ ಪಿಪಿ, ತೀರಾ ಸಣ್ಣ ಹನಿಯಾಗಿದ್ದಾಗ ಅದಕ್ಕಿಂತ ಕೆಳಗಿನ ತಾಪದಲ್ಲಿ ಸಣ್ಣ ಸಣ್ಣ ಶಿಖರವಾಗಿ ಗಟ್ಟಿಯಾಗುತ್ತದೆ. ಹನಿ ಸಣ್ಣದಾಗಿದೆ ಎಂಬುದಕ್ಕೆ ಅದೂ ಒಂದು ಸಾಕ್ಷಿ.

ಹಂತ 9: ಟೆಸ್ಟ್ ಬಾರ್‌ಗಳು

ಕಾಳುಗಳನ್ನು ಮತ್ತೆ ಒಣಗಿಸಿ ಬಾರ್ ಮೋಲ್ಡ್ ಮಾಡಿ. ಪರೀಕ್ಷೆಯ ಮಾನದಂಡಗಳು ಇವು: ಟೆನ್ಸೈಲ್‌ಗೆ (ಎಳೆದು ನೋಡುವುದು) ಎಎಸ್‌ಟಿಎಂ ಡಿ 638, ಬಾಗುವಿಕೆಗೆ ಡಿ 790, ಐಜಾಡ್‌ಗೆ ಡಿ 256, ಎಚ್‌ಡಿಟಿಗೆ (ಭಾರದಡಿ ಬಾಗುವ ತಾಪ) ಡಿ 648. ನಾಚ್‌ನ ತುದಿ 0.25 ಮಿ.ಮೀ. ರೇಡಿಯಸ್ ಇರಬೇಕು. ಮೊಂಡಾದ ಕಟರ್‌ನಿಂದ ಹಾಕಿದ ನಾಚ್ ಇಂಪ್ಯಾಕ್ಟ್ ಅಂಕಿಯನ್ನು ಸುಳ್ಳೇ ಏರಿಸುತ್ತದೆ.

ಪ್ರತಿ ರೆಸಿಪಿಯ ಬಾರ್‌ಗಳನ್ನು ಎರಡು ಪಾಲು ಮಾಡಿ. ಒಂದು ಪಾಲನ್ನು ಮೋಲ್ಡಿನಿಂದ ತೆಗೆದ ತಕ್ಷಣ ತೇವ ತಾಗದ ಚೀಲಕ್ಕೆ ಹಾಕಿ ಸೀಲ್ ಮಾಡಿ. ಇನ್ನೊಂದನ್ನು ಐಎಸ್‌ಒ 1110ರ ಪ್ರಕಾರ 70 ಡಿಗ್ರಿ, ಶೇ. 62 ತೇವಾಂಶದಲ್ಲಿಟ್ಟು ತೂಕ ಸ್ಥಿರವಾಗುವವರೆಗೆ ನೀರು ಕುಡಿಸಿ. ಎರಡನ್ನೂ ಪರೀಕ್ಷೆ ಮಾಡಿ. ಒಣ ಬಾರ್‌ನ ಬಿಗುವು ನೋಡಿದರೆ ಬರೀ ನೈಲಾನೇ ಗೆಲ್ಲುತ್ತದೆ. ತೇವ ಕುಡಿದ ಮೇಲೆ ಅದರ ಬಿಗುವು ಎಷ್ಟು ಕುಸಿಯಿತು, ಬ್ಲೆಂಡ್‌ನದು ಎಷ್ಟು ಕುಸಿಯಿತು ಅನ್ನುವ ಅಂತರವೇ ನೀವು ಹುಡುಕುತ್ತಿರುವುದು.

ನಮ್ಮ ಹಿಡಿಕೆಗೆ ಬೇರೆ ಒಂದು ಪರೀಕ್ಷೆ ಬೇಕು, ಅದು ಯಾವ ಸ್ಟ್ಯಾಂಡರ್ಡ್ ಪುಸ್ತಕದಲ್ಲೂ ಇರುವುದಿಲ್ಲ. ಬಾರ್‌ಗಳನ್ನು ಬಾಗಿಸಿ ಕ್ಲ್ಯಾಂಪ್ ಹಾಕಿ, ತಾಜಾ ಬೋರ್ಡೋ ದ್ರಾವಣದಲ್ಲಿ ನೆನೆಸಿ, ತೆಗೆದು ಓವನ್‌ನಲ್ಲಿ ಒಣಗಿಸಿ, ಮತ್ತೆ ನೆನೆಸಿ. ಹೀಗೆ ಹಲವು ಸುತ್ತು ಆದ ಮೇಲೆ ಬಾಗಿದ ಹೊರಮೈಯಲ್ಲಿ ಕೂದಲೆಳೆಯ ಬಿರುಕು ಇದೆಯೇ ನೋಡಿ, ಆಮೇಲೆ ಇಂಪ್ಯಾಕ್ಟ್ ಅಳೆಯಿರಿ. ತಾಮ್ರ ಪಿಪಿಯನ್ನು ತಿನ್ನುತ್ತಿದ್ದರೆ ಇಲ್ಲಿ ಗೊತ್ತಾಗುತ್ತದೆ, ರೈತರ ಕೈಯಲ್ಲಿ ಮುರಿದ ಮೇಲೆ ಅಲ್ಲ.

ಹಂತ 10: ನಿಜವಾದ ಮೋಲ್ಡಿಗೆ ಹಾಕಿ

ಬಾರ್ ಪಾಸಾದ ಬ್ಲೆಂಡ್ ಪಾರ್ಟಿನಲ್ಲಿ ಸೋಲುವುದುಂಟು. ಮಾಲು ಮೋಲ್ಡಿನೊಳಗೆ ಹೋಗುವ ಗೇಟ್‌ನ ಸಣ್ಣ ತೂತಿನಲ್ಲಿ ಷಿಯರ್ ವಿಪರೀತ. ಅಲ್ಲಿ ಹನಿಗಳು ಎಳೆದು ಹಾಳೆಯಾಗುತ್ತವೆ, ಮೇಲ್ಮೈ ಪದರದಲ್ಲಿ ಹಾಗೇ ಹೆಪ್ಪುಗಟ್ಟುತ್ತವೆ. ಗೇಟ್ ಹತ್ತಿರ ಬ್ಲೇಡಿನಿಂದ ಗೀಟು ಹಾಕಿ, ಗಟ್ಟಿ ಅಂಟಿನ ಟೇಪ್ ಒತ್ತಿ, ಕಿತ್ತು ನೋಡಿ. ಸಿಪ್ಪೆ ಏಳುತ್ತಿದ್ದರೆ ಇಂಜೆಕ್ಷನ್ ವೇಗ ಇಳಿಸಿ, ಗೇಟ್ ಸ್ವಲ್ಪ ದೊಡ್ಡದು ಮಾಡಿಸಿ. ಆದರೂ ಏಳುತ್ತಿದ್ದರೆ ಸಿ ಬಿಟ್ಟು ಡಿಗೆ, ಡಿ ಬಿಟ್ಟು ಇಗೆ ಹೋಗಿ.

ವೆಲ್ಡ್ ಲೈನ್ ಇನ್ನೊಂದು ಜಾಗ. ಟ್ರಿಗರ್ ಪಿನ್‌ನ ತೂತಿನ ಸುತ್ತ ಎರಡು ಹರಿವು ಬಂದು ಸೇರುವಲ್ಲಿ ಬ್ಲೆಂಡ್ ಯಾವತ್ತೂ ಬರೀ ನೈಲಾನ್‌ಗಿಂತ ದುರ್ಬಲ. ಎರಡು ಕಡೆ ಗೇಟ್ ಇರುವ ಬಾರ್ ಮಾಡಿ ಬಲ ಅಳೆಯಿರಿ. ಕಮ್ಮಿ ಬಂದರೆ ಗೇಟ್ ಜಾಗ ಬದಲಿಸಿ, ಸೇರುವ ಗೆರೆಯನ್ನು ಭಾರ ಬೀಳದ ಕಡೆಗೆ ತಳ್ಳುವುದೇ ಸರಿಯಾದ ಪರಿಹಾರ.

ಒಂದು ಶಾಟ್ ಹಾಕಿ ಬ್ಯಾರೆಲ್‌ನಲ್ಲಿ ಹತ್ತು ನಿಮಿಷ ಮಾಲು ನಿಲ್ಲಿಸಿ ಮತ್ತೆ ಶಾಟ್ ಹಾಕಿ. ಎರಡೂ ಪಾರ್ಟಿನ ಇಂಪ್ಯಾಕ್ಟ್ ಹೋಲಿಸಿ. ಊಟದ ಬಿಡುವಿನಲ್ಲಿ ಮೆಷಿನ್ ನಿಂತಾಗ ಹನಿಗಳು ಒಂದಾಗುತ್ತವೆಯೇ ಅನ್ನುವುದಕ್ಕೆ ಇದಕ್ಕಿಂತ ನೇರ ಪರೀಕ್ಷೆ ಇಲ್ಲ. ಮೇಲ್ಮೈ ಚೆನ್ನಾಗಿ ಮುಚ್ಚಿದ ಬ್ಲೆಂಡ್‌ನಲ್ಲಿ ವ್ಯತ್ಯಾಸ ಹೆಚ್ಚು ಕಾಣಬಾರದು. ರನ್ನರ್, ಸ್ಪ್ರೂಗಳ (ಮಾಲು ಹರಿದು ಬರುವ ಕಾಲುವೆಯಲ್ಲಿ ಗಟ್ಟಿಯಾದ ತುಂಡುಗಳು) ರೀಗ್ರೈಂಡ್, ಅಂದರೆ ಮತ್ತೆ ಪುಡಿ ಮಾಡಿದ ಮಾಲು, ಸೇರಿಸುವುದನ್ನೂ ಇದೇ ಪರೀಕ್ಷೆ ಪಾಸಾದ ಮೇಲೆ ಶುರು ಮಾಡಿ, ಶೇ. 10ರಿಂದ.

ಹಂತ 11: ದೊಡ್ಡ ಮೆಷಿನ್, ದಿನದ ಲಾಟ್

26 ಮಿ.ಮೀ.ನಿಂದ 52 ಮಿ.ಮೀ.ಗೆ ಹೋದರೆ ಒಳಗಿನ ಜಾಗ ಎಂಟು ಪಟ್ಟು ಆಗುತ್ತದೆ, ಆದರೆ ಬ್ಯಾರೆಲ್‌ನ ಮೈ ನಾಲ್ಕೇ ಪಟ್ಟು. ಶಾಖ ಹೊರಹೋಗುವ ದಾರಿ ಕಿರಿದಾಗುತ್ತದೆ, ಮಾಲು ನೀವು ಅಂದುಕೊಂಡಿದ್ದಕ್ಕಿಂತ ಬಿಸಿಯಾಗುತ್ತದೆ. ಹಂತ 7ರಲ್ಲಿ ಬರೆದಿಟ್ಟ ಕಿಲೋಗೆ 0.25 ಯೂನಿಟ್ ಅನ್ನುವ ಅಂಕಿಯನ್ನೇ ಹಿಡಿದುಕೊಂಡು ಆರ್‌ಪಿಎಂ ಮತ್ತು ಗಂಟೆಗೆ ಕಿಲೋ ಹೊಂದಿಸಿ. ಸೂಜಿ ಥರ್ಮೊಕಪಲ್ 260 ದಾಟಿದರೆ ಆರ್‌ಪಿಎಂ ಇಳಿಸಿ.

ಪ್ರತಿ ಲಾಟ್‌ಗೂ ಐದು ಪರೀಕ್ಷೆ ಇರಲಿ: ತೇವಾಂಶ, ಎಂಎಫ್‌ಐ, ಸಾಂದ್ರತೆ, ನಾಚ್ ಐಜಾಡ್, ಮೊಲಾವ್ ಟ್ಯೂಬ್. ಮೊಲಾವ್‌ಗೆ ಕಪ್ಪು ಬಣ್ಣ ಹಾಕುವ ಮೊದಲು ತೆಗೆದ ಒಂದು ಹಿಡಿ ಕಾಳು ಸಾಕು. 70-30ರ ಬ್ಲೆಂಡ್‌ನ ಸಾಂದ್ರತೆ 1.05ರ ಆಸುಪಾಸು ಬರುತ್ತದೆ. ಅದು 1.07 ಆದರೆ ನೈಲಾನ್ ಜಾಸ್ತಿ ಹೋಗಿದೆ, 1.03 ಆದರೆ ಪಿಪಿ ಜಾಸ್ತಿ ಹೋಗಿದೆ, ಫೀಡರ್ ನೋಡಿ. ಸಾಂದ್ರತೆ ಸರಿ ಇದ್ದು ಎಂಎಫ್‌ಐ ಏಕಾಏಕಿ ಏರಿದ್ದರೆ ಗ್ರಾಫ್ಟೆಡ್ ಪಿಪಿ ಕಮ್ಮಿ ಬಿದ್ದಿದೆ ಅಥವಾ ನೈಲಾನ್ ಒದ್ದೆಯಾಗಿ ಒಳಗೆ ಹೋಗಿದೆ. ಎರಡರಲ್ಲಿ ಯಾವುದು ಅಂತ ಮೊಲಾವ್ ಟ್ಯೂಬ್ ಹೇಳುತ್ತದೆ: ತಿಳಿಯಾಗಿದ್ದರೆ ಮೊದಲನೆಯದು, ಹಾಲಿನಂತಿದ್ದರೆ ಎರಡನೆಯದು. ಪ್ರತಿ ಲಾಟ್‌ನ ಅರ್ಧ ಕಿಲೋ ಕಾಳನ್ನು ಅಲ್ಯೂಮಿನಿಯಂ ಚೀಲದಲ್ಲಿ ಸೀಲ್ ಮಾಡಿ, ರೆಸಿಪಿ ನಂಬರ್ ಮತ್ತು ಎಲ್ಲ ಕಚ್ಚಾ ಮಾಲಿನ ಲಾಟ್ ನಂಬರ್ ಬರೆದು ಕನಿಷ್ಠ ಎರಡು ವರ್ಷ ಎತ್ತಿಡಿ. ಗಿರಾಕಿ ದೂರು ಹೇಳಿದ ದಿನ ಆ ಚೀಲ ಬಿಚ್ಚಿ ಇದೇ ಐದು ಪರೀಕ್ಷೆ ಮತ್ತೆ ಮಾಡಬೇಕು.